ನೀರು ಹಾಕಬಾರದ ಕುಂಡ

ಶಂಕರನಾರಾಯಣ ಬಾಲ್ಕನಿಯಲ್ಲಿದ್ದ ಮಣ್ಣಿನ ಕುಂಡವನ್ನ ಬೋರಲು ಹಾಕಿ ತಳಕ್ಕೆ ಎರಡು ಗುದ್ದು ಗುದ್ದಿದ. ಒಣಮಣ್ಣು ದೊಪ್ಪಂತ ಬಕೆಟ್ಟಿಗೆ ಬಿತ್ತು.

"ಅದು ಅಪ್ಪಂಡೆ ಚಟ್ಟಿಯಲ್ಲೇ?" ಅಂದ ಸಚಿನ್, ಅದು ಅಪ್ಪನ ಕುಂಡ ಅಲ್ವಾ ಅನ್ನೋ ಹಾಗೆ. ಅಪ್ಪ ಸತ್ತ ದಿನವೂ ಹುಡುಗನ ಬಾಯಿಗೆ ಮೊದಲು ಬಂದಿದ್ದು ಮಲಯಾಳವೇ.

"ಇದ್ರಲ್ಲೇನಿದೆಯೋ, ಒಂದು ಹುಲ್ಲುಕಡ್ಡಿನೂ ಇಲ್ಲ! ಮೈಸೂರಿಂದ ದರ್ಭೆ, ಎಳ್ಳು ಎಲ್ಲಾ ತಂದೆ, ಬೆಂಕಿ ಹಿಡಿಯೋ ಮಡಕೆ ಮಾತ್ರ ಮರೆತೆ. ಭಾನುವಾರ ಈ ಕಲೂರಲ್ಲಿ ಎಲ್ಲಿ ಹುಡುಕ್ಲಿ?"

"ತಳದಲ್ಲಿ ತೂತಿದೆ ಚಿಕ್ಕಪ್ಪ."

"ಚಿಪ್ಪು ಮುಚ್ಚಿ ಬೂದಿ ಹಾಕಿದ್ರಾಯ್ತು."

ಹಾಲಿನಲ್ಲಿ ಗಂಡನ ತಲೆ ಹತ್ರ ಕೂತಿದ್ದ ರಾಜಲಕ್ಷ್ಮಿಗೆ ಎಲ್ಲಾ ಕೇಳಿಸ್ತು. ಎಂಟು ತಿಂಗಳು ಗಣಪತಿಯನ್ನ ಹೊರಳಿಸಿ, ತೊಳೆದು, ಅವಳ ಸೊಂಟ ಬಿದ್ದುಹೋಗಿತ್ತು. ಗೋಡೆ ಹಿಡ್ಕೊಂಡು ಏಳೋಕೆ ಹೋದ್ಲು.

"ಅತ್ತಿಗೆ, ಹೊರಡೋತನಕ ನೀವು ಅಲ್ಲಿಂದ ಏಳೋ ಹಾಗಿಲ್ಲ."

"ಆ ಮಣ್ಣು?"

"ಮನೆ ತೊಳೆಯೋವಾಗ ಪಕ್ಕದ್ಮನೆ ನಿರ್ಮಲ ಚೆಲ್ತಾರಂತೆ. ಅದರ ಚಿಂತೆ ಈಗ್ಯಾಕೆ?"

*

ಆ ಕುಂಡದಲ್ಲಿ ಮೊದಲು ನೆಟ್ಟಿದ್ದು, ಗಣಪತಿ ತಿರುವನಂತಪುರದ ಬ್ಯಾಂಕಲ್ಲಿದ್ದಾಗ ಯಾರೋ ಕೊಟ್ಟ ಗೆಡ್ಡೆ. ಮರಕ್ಕೆ ಅಂಟದೆ ನೆಲದಲ್ಲೇ ಬೆಳೆಯೋ ಸೀತಾಳೆ, ಆರ್ಕಿಡ್ ಜಾತಿದು. ಮಳೆಗಾಲಕ್ಕೆ ಚಿಗುರಿ, ಬಿಳೀ ಹೂ ಬಿಟ್ಟು, ಚಳಿಗಾಲದಲ್ಲಿ ಎಲೆಯೆಲ್ಲಾ ಒಣಗಿತ್ತು. ಪಾಪ ಅಂತ ರಾಜಲಕ್ಷ್ಮಿ ದಿನಾ ಒಂದು ಚೊಂಬು ನೀರು ಹಾಕಿದ್ಲು. ಗೆಡ್ಡೆ ಕೊಳೀತು.

ಗಣಪತಿ ಬೈಲಿಲ್ಲ. ಇನ್ನೊಂದು ತಂದು ನೆಟ್ಟ. "ಸತ್ತಿರ್ಲಿಲ್ಲ ರಾಜಿ, ಮಲಗಿತ್ತು. ಮಲಗಿರೋರಿಗೆ ಯಾರಾದ್ರೂ ನೀರು ಎರಚ್ತಾರಾ?"

ಆಮೇಲೆ ಹನ್ನೊಂದು ವರ್ಷ ಅದು ಬದುಕಿತ್ತು. ಹಾಸಿಗೆ ಹಿಡಿದ ಮೇಲೂ ಅವನಿಗೆ ಅದೇ ಧ್ಯಾನ. ಮೊನ್ನೆ ಬೆಡ್‌ಶೀಟ್ ಬದಲಾಯಿಸ್ತಿದ್ದಾಗ ಕೇಳಿದ್ದ, "ಕುಂಡಕ್ಕೆ ನೀರು ಹಾಕಿಲ್ಲ ತಾನೆ?"

"ನಿಮ್ಮ ಚಾಕರಿಗೇ ಜೀವ ಹೋಗ್ತಿದೆ. ಅದಕ್ಕೆ ಬೇರೆ ನೀರು ಹಾಕ್ಲಾ?" ಅಂತ ಸಿಡುಕಿದ್ಲು.

ಗಣಪತಿಗೆ ಸಮಾಧಾನವಾಗಿತ್ತು. "ಒಳ್ಳೇದಾಯ್ತು. ಮೊದಲ ಮಳೆ ಬರೋತನಕ ಹಾಗೇ ಇರ್ಲಿ."

ಇಬ್ಬರ ನಡುವಿನ ಕೊನೇ ಮಾತು ಅದೇ.

*

ಕೆಂಡದ ಕುಂಡ ಹಿಡಿದು ಸಚಿನ್ ಲಿಫ್ಟ್ ಹತ್ರ ಹೋದ. ಸೆಕ್ಯೂರಿಟಿಯವನು ಓಡಿಬಂದು ಅಡ್ಡ ನಿಂತ. "ಅಯ್ಯೋ ಮೋನೇ, ಲಿಫ್ಟಿಲ್ ತೀ ಪಾಡಿಲ್ಲ!"

"ಬೆಂಕಿಗೂ ಪರ್ಮಿಷನ್ ಬೇಕೇನಪ್ಪಾ ಈ ಊರಲ್ಲಿ?" ಗೊಣಗಿದ ಶಂಕರನಾರಾಯಣ. ಐದು ಮಹಡಿ ಮೆಟ್ಟಿಲಿಳಿದರು. ಹಿಂದೆ ಗಣಪತಿಯೂ ನಾಲ್ಕು ಹೆಗಲ ಮೇಲೆ ಇಳಿದ.

ಆಂಬುಲೆನ್ಸ್ ಗೇಟು ದಾಟಿದ್ದೇ ತಡ, ಒಳಗೆ ನೀರು ಸುರಿಯೋ ಸದ್ದು. ರಾಜಲಕ್ಷ್ಮಿ ಬಾಲ್ಕನಿಗೆ ಬರೋವಾಗ ನಿರ್ಮಲ ಬಕೆಟ್ ಎತ್ತಿಯಾಗಿತ್ತು.

"ಇಡು, ಇಡು ಅದನ್ನ!"

ಆ ದನಿಗೆ ನಿರ್ಮಲ ಬಕೆಟ್ ಇಟ್ಟೇಬಿಟ್ಲು. ರಾಜಲಕ್ಷ್ಮಿ ಒದ್ದೆ ನೆಲದಲ್ಲೇ ಕೂತು ಮಣ್ಣಿಗೆ ಕೈ ಹಾಕಿದ್ಲು. ಹೆಂಟೆ, ಕಲ್ಲು, ಒಣ ಬೇರು. ಮೊದಲು ಸಿಕ್ಕಿದ್ದು ಹೋದ ವರ್ಷದ ಗೆಡ್ಡೆ, ಸುಕ್ಕುಗಟ್ಟಿ ಚೀಲದಂತಾಗಿತ್ತು. ಅದರ ಮಗ್ಗುಲಲ್ಲೇ ನೆಲ್ಲಿಕಾಯಿ ಗಾತ್ರದ ಇನ್ನೊಂದು. ಒತ್ತಿ ನೋಡಿದ್ಲು. ಗಟ್ಟಿಯಿತ್ತು.

ಗಣಪತಿಗೆ ಗಂಜಿ ಕುಡಿಸ್ತಿದ್ದ ಲೋಟ ಕಿಟಕಿ ಮೇಲೆ ಹಾಗೇ ಇತ್ತು. ಸೆರಗಲ್ಲಿ ಒರೆಸಿ, ಒಣಮಣ್ಣು ತುಂಬಿ, ಗೆಡ್ಡೆ ಹೂತಳು.

ಏನೂ ಅರ್ಥವಾಗದೆ ನಿಂತಿದ್ದ ನಿರ್ಮಲ, ಕೊನೆಗೆ ಮಗ್ಗಲ್ಲಿ ನೀರು ತಂದು ಲೋಟದ ಕಡೆ ಬಗ್ಗಿಸಿದ್ಲು. "ಪಾವಂ, ಇತ್ತಿರಿ ವೆಳ್ಳಂ ಒಳಿಕ್ಕಟ್ಟೇ ಚೇಚೀ?" ಪಾಪ, ಒಂಚೂರು ನೀರು ಹಾಕ್ಲಾ ಅಕ್ಕ ಅಂತ.

ರಾಜಲಕ್ಷ್ಮಿ ಲೋಟದ ಬಾಯಿಗೆ ಅಂಗೈ ಮುಚ್ಚಿದ್ಲು. ನೀರು ಅವಳ ಕೈಮೇಲೆ ಬಿದ್ದು, ಬೆರಳ ಮಣ್ಣು ತೊಳೆದುಕೊಂಡು ಕೆಳಗೆ ಹರೀತು.