ಕೆಂಪು ದಾರದ ಎತ್ತರ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ಎದುರಿನ ಬೇಕರಿಯ ಬೆಳಕು ಕಾಣುತ್ತಿತ್ತು, ಬೇಕರಿ ಕಾಣುತ್ತಿರಲಿಲ್ಲ. ರಾತ್ರಿಯ ಮಳೆ ಇನ್ನೂ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಿಂದ ಏಳಲು ಹೋದ ದೊಡ್ಡ ಸೊಸೆ ಅರ್ಧಕ್ಕೇ ನಿಂತಳು. ಬಲ ಮಂಡಿಚಿಪ್ಪಿನ ಕೆಳಗೆ ಯಾರೋ ಸೂಜಿಯಿಟ್ಟು ಒತ್ತಿದಂತಾಯಿತು. ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ, ದೇವರನ್ನು ನೆನೆದು, ಕಾಲನ್ನು ಮೆಲ್ಲಗೆ ನೇರ ಮಾಡಿದಳು.

"ಏನಾಯ್ತೇ?" ಎಂದು ಒಳಗಿನಿಂದ ಅತ್ತೆ ಕೇಳಿದರು.

"ಏನಿಲ್ಲ ಅತ್ತೆ. ಜೋಮು ಹಿಡಿದಿತ್ತು."

"ಒಂದು ತಿಂಗಳಿಂದ ಅದೇ ಜೋಮು. ಅದಕ್ಕೂ ಒಂದು ಚಾಪೆ ಹಾಸಿಬಿಡು, ಇಲ್ಲೇ ಇರೋ ಹಾಗೆ ಕಾಣುತ್ತೆ."

ದೊಡ್ಡ ಸೊಸೆ ಯಂತ್ರದ ಡ್ರಾಯರಿನಿಂದ ನೋವಿನ ಮಾತ್ರೆ ತೆಗೆದು ನುಂಗಿದಳು. ಡ್ರಾಯರಿನಲ್ಲಿ ದಾರದ ಉಂಡೆಗಳ ಅಡಿಯಲ್ಲಿ ಇನ್ನೊಂದು ವಸ್ತುವಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ ಡ್ರಾಯರನ್ನು ಒಳಕ್ಕೆ ತಳ್ಳಿದಳು.

ಆ ಮನೆಯಲ್ಲಿ ಇಬ್ಬರು ಸೊಸೆಯರು. ದೊಡ್ಡವಳು ಎತ್ತರದ ಆಳು, ಕೆಳಗಿನ ಮುಂಕೋಣೆಯ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಚಿಕ್ಕವಳು, ಅಂದರೆ ಮೈದುನನ ಹೆಂಡತಿ, ಗಿಡ್ಡ, ಮಾಳಿಗೆಯಲ್ಲಿ ವಾಸ. ಬೇಕರಿಯ ಬ್ರೆಡ್ಡನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಯ ಮೆಟ್ಟಿಲು ಹತ್ತಿ ಹಂಚುವುದು ಅವಳ ಕೆಲಸ. ಆ ಊರಿನಲ್ಲಿ ವರ್ಷಕ್ಕೊಮ್ಮೆ ಟ್ರಯಾಥ್ಲಾನ್ ನಡೆಯುತ್ತಿತ್ತು. ಮೊದಲು ಕೆರೆಯಲ್ಲಿ ಈಜಬೇಕು, ದಡಕ್ಕೆ ಬಂದು ಸೈಕಲ್ ತುಳಿಯಬೇಕು, ಸೈಕಲ್ ಇಳಿದು ಓಡಬೇಕು. ಮೂರನ್ನೂ ಒಂದೇ ಉಸಿರಿಗೆ ಮುಗಿಸಬೇಕು.

ದೊಡ್ಡವಳು ಹುಟ್ಟಾ ಈಜುಗಾತಿ. ಬೀದಿಯವರು ಅವಳನ್ನು ಮೀನು ಎಂದೇ ಕರೆಯುತ್ತಿದ್ದರು. ಚಿಕ್ಕವಳು ಮದುವೆಯಾಗಿ ಬಂದಾಗ ಅವಳಿಗೆ ಬಕೆಟ್ಟಿನ ನೀರೂ ಆಳವೇ. ಅವಳ ಹೊಟ್ಟೆಯಡಿ ಕೈಯಿಟ್ಟು ತೇಲಿಸಿ, ನೀರಿನೊಳಗೆ ಗುಳ್ಳೆ ಬಿಡಿಸಿ ಈಜು ಕಲಿಸಿದವಳು ದೊಡ್ಡವಳೇ. ಹೀಗೆ ಕಲಿತವಳು ಹೋದ ವರ್ಷದ ಸ್ಪರ್ಧೆಯಲ್ಲಿ, ಸೈಕಲ್ಲಿನಲ್ಲೂ ಓಟದಲ್ಲೂ ಕಲಿಸಿದವಳನ್ನು ಹಿಂದೆ ಹಾಕಿ ಪದಕ ಗೆದ್ದಳು. ಅದೂ ಹೋಗಲಿ, ವೇದಿಕೆಯ ಮೇಲೆ ಮೈಕಿನವನು "ಈಜು ಯಾರು ಕಲಿಸಿದ್ದು?" ಎಂದು ಕೇಳಿದಾಗ, "ಹಾಗೇ ಕಲಿತೆ" ಎಂದುಬಿಟ್ಟಳು.

ಆ ಮಾತು ದೊಡ್ಡವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಕುಳಿತುಬಿಟ್ಟಿತು. ಪದಕವನ್ನು ಅತ್ತೆ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದರು. ಟೀ ಸೋಸುವಾಗ ಅದು ಕಣ್ಣಿಗೆ ಬೀಳುತ್ತಿತ್ತು, ಪಾತ್ರೆ ತೊಳೆಯುವಾಗಲೂ ಬೀಳುತ್ತಿತ್ತು. ಗಾಳಿಗೆ ಗೋಡೆಗೆ ತಗುಲಿ ಟಿಣ್ ಎಂದರೆ ದೊಡ್ಡವಳ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ದೇವರ ಮುಂದೆ ಕಣ್ಣು ಮುಚ್ಚಿದರೂ ಮೊದಲು ಕಾಣುವುದು ಚಿಕ್ಕವಳ ಹಿಮ್ಮಡಿ, ತನಗಿಂತ ಮುಂದೆ ಓಡುತ್ತಿರುವ ಹಿಮ್ಮಡಿ. ಹೊಟ್ಟೆಕಿಚ್ಚು ಎಂಬುದು ಹೀಗೆಯೇ. ಕೈಮುಗಿದಲ್ಲಿಗೂ ಅದು ನಮ್ಮ ಹಿಂದೆಯೇ ಬಂದು ಕೂರುತ್ತದೆ.

ಇವಳಲ್ಲಿ ಏನೋ ಗುಟ್ಟಿದೆ ಎಂದು ದೊಡ್ಡವಳು ನಂಬಿದಳು. ಚಿಕ್ಕವಳು ಬೆಳಿಗ್ಗೆ ಒಣ ಬ್ರೆಡ್ ತಿಂದರೆ ತಾನೂ ಒಣ ಬ್ರೆಡ್ ತಿಂದಳು. ಅವಳು ಯಾವ ಶೂ ಕೊಂಡಳೋ ಅದೇ ಶೂ ಕೊಂಡಳು. ಚಿಕ್ಕವಳು ಬುಟ್ಟಿ ಹೊತ್ತು ವರ್ಷಗಟ್ಟಲೆ ಮೆಟ್ಟಿಲು ಹತ್ತಿ ಗಟ್ಟಿ ಮಾಡಿಕೊಂಡ ಓಟವನ್ನು ತಾನು ಒಂದೇ ವಾರದಲ್ಲಿ ಓಡಲು ಹೊರಟಳು.

ಎಲ್ಲಕ್ಕಿಂತ ದೊಡ್ಡ ತಪ್ಪು ಸೈಕಲ್ಲಿನದು. ಅಭ್ಯಾಸಕ್ಕೆ ಮನೆಯಲ್ಲಿದ್ದುದು ಒಂದೇ ಸೈಕಲ್, ಸ್ಪರ್ಧೆಯ ದಿನಕ್ಕೆ ಇನ್ನೊಂದು ಬಾಡಿಗೆಗೆ ಬರುತ್ತಿತ್ತು. ಸೀಟಿನ ಕಂಬಕ್ಕೆ ದೊಡ್ಡವಳೇ ಎರಡು ದಾರ ಸುತ್ತಿದ್ದಳು. ಮೇಲೆ ತನ್ನ ಎತ್ತರಕ್ಕೆ ಕೆಂಪು, ಕೆಳಗೆ ಚಿಕ್ಕವಳ ಎತ್ತರಕ್ಕೆ ನೀಲಿ. ಹತ್ತುವವರು ತಮ್ಮ ದಾರಕ್ಕೆ ಸೀಟು ಏರಿಸಿಯೋ ಇಳಿಸಿಯೋ ಕೂರಬೇಕು. ಒಂದು ದಿನ ದೊಡ್ಡವಳು ಸೀಟು ಏರಿಸಲಿಲ್ಲ. ಚಿಕ್ಕವಳಿಗೆ ಅಷ್ಟು ವೇಗ ಕೊಟ್ಟ ನೀಲಿ ದಾರ ತನಗೂ ಕೊಡಬೇಕಲ್ಲ ಎಂದು, ಮಂಡಿಗಳು ಎದೆಯ ಹತ್ತಿರ ಬರುವಂತೆ ಮಡಚಿಕೊಂಡು, ಅದೇ ಎತ್ತರದಲ್ಲಿ ತುಳಿಯತೊಡಗಿದಳು. ಆ ವಾರದಿಂದಲೇ ಮಂಡಿ ನೋವು. ಹಗಲೆಲ್ಲ ಹೊಲಿಗೆ ಯಂತ್ರದ ಪೆಡಲ್ ತುಳಿಯುವುದು ಬೇರೆ.

ಡ್ರಾಯರಿನಲ್ಲಿದ್ದ ವಸ್ತು? ಅದು ಚಿಕ್ಕವಳ ಈಜುವ ಕನ್ನಡಕ. ಇಬ್ಬರೂ ಅಭ್ಯಾಸಕ್ಕೆ ಹೋಗುತ್ತಿದ್ದ ಈಜುಕೊಳದ ಹಗ್ಗದ ಮೇಲೆ ಒಣಗಲು ಹಾಕಿದ್ದನ್ನು ದೊಡ್ಡವಳು ತಂದು ಅಡಗಿಸಿಟ್ಟಿದ್ದಳು. ಯಾಕೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಚಿಕ್ಕವಳು ಮನೆಯೆಲ್ಲ ಹುಡುಕಿ, "ಅಕ್ಕ, ನನ್ನ ಕನ್ನಡಕ ನೋಡಿದ್ರಾ?" ಎಂದಿದ್ದಳು.

"ನಿನ್ನ ಸಾಮಾನಿಗೆ ನಾನೇನು ಕಾವಲುಗಾರ್ತಿನಾ?"

ಅಂದಿನಿಂದ ಚಿಕ್ಕವಳು ಬರಿಗಣ್ಣಿನಲ್ಲೇ ಈಜುತ್ತಿದ್ದಳು. ಕೊಳಕ್ಕೆ ಹಾಕುವ ಔಷಧಿಗೆ ಕಣ್ಣು ಕೆಂಪಗಾಗಿ, ಬ್ರೆಡ್ ಕೊಳ್ಳುವವರು "ಯಾಕಮ್ಮ, ಅತ್ತೆ ಮನೇಲಿ ಅಳಿಸ್ತಾರಾ?" ಎಂದು ಕೇಳುವಂತಾಗಿತ್ತು.

ಆ ಮಂಜಿನ ಬೆಳಿಗ್ಗೆ, ಮಾತ್ರೆಯ ಬಲದಿಂದ ನೋವು ಅಡಗಿದ ಮೇಲೆ, ದೊಡ್ಡವಳು ಓಡಲು ಹೊರಟಳು. ಬಾಗಿಲ ಮುಂದಿನ ಒದ್ದೆ ಮೆಟ್ಟಿಲು ಇಳಿಯುವಾಗ ಮಂಡಿ ಒಮ್ಮೆಲೇ ಕೈಕೊಟ್ಟಿತು. ಬೀಳುತ್ತಿದ್ದವಳನ್ನು ಹಿಡಿದದ್ದು ಬುಟ್ಟಿ ಹೊತ್ತು ಹೊರಟಿದ್ದ ಚಿಕ್ಕವಳು. ಬ್ರೆಡ್ಡುಗಳು ಕೆಸರಿನಲ್ಲಿ ಉರುಳಿದವು.

"ಬಿಡು, ನಾನೇ ಏಳ್ತೀನಿ."

"ಏಳಿ ಅಕ್ಕ, ಬೇಡ ಅಂದವರು ಯಾರು? ಆದರೆ ನನ್ನ ಕತ್ತು ಬಿಟ್ಟು ಏಳಿ."

ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಮಂಡಿ ಊದಿದ್ದನ್ನು ನೋಡಿ, "ಸಾಕು. ಈಗಲೇ ಆಸ್ಪತ್ರೆ," ಎಂದರು. "ಈ ಕಾಲು ಹೋದರೆ ಯಂತ್ರ ತುಳಿಯೋರು ಯಾರು? ನಾನು ತುಳಿದರೆ ಅಂಗಿಗೆ ಮೂರು ತೋಳು ಬರುತ್ತೆ."

ಪದಕದ ಯೋಚನೆಯಲ್ಲಿ ದೊಡ್ಡವಳು ಅನ್ನದ ಯೋಚನೆಯನ್ನೇ ಮರೆತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿಯನ್ನು ಒತ್ತಿ, ತಿರುಗಿಸಿ ನೋಡಿ, ಒಳಗೆ ಏನೂ ಹರಿದಿಲ್ಲ ಎಂದು ಹೇಳಿ, ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಫಿಸಿಯೋ ಮೇಡಂ ತಾವೂ ಒಂದು ಕಾಲದಲ್ಲಿ ಓಡುತ್ತಿದ್ದವರು. ಎಲ್ಲ ಕೇಳಿಕೊಂಡು, "ಸೈಕಲ್ ತನ್ನಿ, ನೋಡೋಣ," ಎಂದರು. ಚಿಕ್ಕವಳು ಹೋಗಿ ತಂದಳು. ಆಸ್ಪತ್ರೆಯ ಅಂಗಳದಲ್ಲಿ ಮೇಡಂ ಸೀಟಿನ ಕಂಬವನ್ನು ಬಗ್ಗಿ ನೋಡಿದರು.

"ಕೆಂಪು ದಾರ ಯಾರದು?"

"ನಂದು," ಎಂದಳು ದೊಡ್ಡವಳು.

"ಮತ್ತೆ ನೀವು ನೀಲಿ ದಾರದಲ್ಲಿ ಯಾಕೆ ಕೂರ್ತಿದ್ದೀರಿ?"

ಉತ್ತರ ಅತ್ತೆಯಿಂದ ಬಂತು. "ಅವಳ ಕೇಳಬೇಡಿ ಮೇಡಂ. ನಮ್ಮ ಚಿಕ್ಕವಳು ಸೀನಿದರೆ ಇವಳು ಮೂಗು ಒರೆಸಿಕೊಳ್ತಾಳೆ ಈಚೆಗೆ."

ಮೇಡಂ ನಗಲಿಲ್ಲ. ಸೀಟನ್ನು ಕೆಂಪು ದಾರಕ್ಕೆ ಏರಿಸಿ ಹೇಳಿದರು: "ನೋಡಿ, ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಂಡಿ ಚೂರೇ ಚೂರು ಬಾಗಿರಬೇಕು. ಸೀಟು ತೀರಾ ಕೆಳಗಿದ್ದರೆ ಪ್ರತಿ ತುಳಿತಕ್ಕೂ ಮಂಡಿಚಿಪ್ಪಿನ ಮೇಲೆ ಭಾರ ಬೀಳುತ್ತೆ. ಜೊತೆಗೆ ಓಟವನ್ನ ಒಂದೇ ಸಲಕ್ಕೆ ಜಾಸ್ತಿ ಮಾಡಿದ್ದೀರಿ. ಅದರ ಮೇಲೆ ಮಾತ್ರೆ. ಮಾತ್ರೆ ನೋವನ್ನ ಸುಮ್ಮನಾಗಿಸುತ್ತೆ ಅಷ್ಟೇ. ಮಂಡಿ ಕೂಗ್ತಾ ಇತ್ತು, ನೀವು ಅದರ ಬಾಯಿ ಮುಚ್ಚಿ ಓಡಿದ್ರಿ."

"ಹಾಗಾದ್ರೆ ಈ ವರ್ಷ?"

"ಮುಂದಿನ ತಿಂಗಳ ಸ್ಪರ್ಧೆಗೆ ಓಟ, ಸೈಕಲ್ ಎರಡೂ ಬೇಡ. ಊತ ಇಳೀಲಿ. ತೊಡೆ, ಸೊಂಟ ಗಟ್ಟಿಯಾಗೋ ವ್ಯಾಯಾಮ ಹೇಳಿಕೊಡ್ತೀನಿ. ಹೊಲಿಗೆ ಮಧ್ಯೆ ಆಗಾಗ ಎದ್ದು ಕಾಲು ಚಾಚಿ. ಆಮೇಲೆ ಮೊದಲು ನಡಿಗೆ, ನಿಧಾನಕ್ಕೆ ಸೈಕಲ್, ಕೊನೆಗೆ ಓಟ. ಮುಂದಿನ ವರ್ಷ ಮೂರೂ ಮಾಡಬಹುದು."

"ಬೇರೆಯವರಿಗೆಲ್ಲ ನೋವೇ ಇಲ್ವಾ ಮೇಡಂ? ನೋವು ತಿಂದೇ ತಾನೇ ಗೆಲ್ಲೋದು?"

"ಸುಸ್ತಾಗೋದು ಬೇರೆ, ಕೀಲು ನೋಯೋದು ಬೇರೆ. ಸುಸ್ತು ಮಲಗಿ ಎದ್ದರೆ ಹೋಗುತ್ತೆ. ಕೀಲಿನ ನೋವನ್ನ ತುಳಿದರೆ ಅದು ನಿಮ್ಮನ್ನ ತುಳಿಯುತ್ತೆ. ಈಜು ಮಾತ್ರ ಬಿಡಬೇಡಿ. ಕಪ್ಪೆ ಹಾಗೆ ಕಾಲು ಒದೆಯೋದು ಬೇಡ, ತೊಡೆ ಮಧ್ಯೆ ತೇಲೋ ಹಲಗೆ ಇಟ್ಟುಕೊಂಡು ಕೈಯಲ್ಲಿ ಈಜಿ. ನೋವು ಬಂದರೆ ನಿಲ್ಲಿಸಿ."

ಮನೆಗೆ ಬಂದ ಮೇಲೆ ದೊಡ್ಡವಳು ಗೋಡೆಗೆ ಮುಖಮಾಡಿ ಕುಳಿತಳು. ಚಿಕ್ಕವಳು ಟೀ ತಂದು ಪಕ್ಕದಲ್ಲಿಟ್ಟಳು, ಹೋಗಲಿಲ್ಲ.

"ಅಕ್ಕ, ಸ್ಪರ್ಧೆಯಲ್ಲಿ ಇಬ್ಬರು ಸೇರಿ ಒಂದು ತಂಡ ಆಗಬಹುದಂತೆ. ಈಜು ನೀವು ಮಾಡಿ. ಸೈಕಲ್, ಓಟ ನಾನು ಮಾಡ್ತೀನಿ."

"ನಿನ್ನ ಪದಕ ಬಿಟ್ಟುಕೊಟ್ಟು ನನಗೆ ಭಿಕ್ಷೆ ಹಾಕ್ತೀಯಾ?"

"ಭಿಕ್ಷೆ ಎಲ್ಲಿ ಬಂತು? ನನಗೆ ಕೆರೆ ಅಂದ್ರೆ ಈಗಲೂ ಭಯ. ಹೋದ ವರ್ಷ ಮಧ್ಯದಲ್ಲಿ ಉಸಿರು ಕಟ್ಟಿದಾಗ ನೀವು ಹೇಳಿದ್ದನ್ನೇ ಹೇಳಿಕೊಂಡೆ, ಗುಳ್ಳೆ ಬಿಡು, ಗುಳ್ಳೆ ಬಿಡು ಅಂತ. ಅದಕ್ಕೇ ದಡ ಸೇರಿದ್ದು."

"ಮೈಕಿನ ಮುಂದೆ ಮಾತ್ರ ಹಾಗೇ ಕಲಿತೆ ಅಂದೆ."

ಚಿಕ್ಕವಳ ಕೆಂಪು ಕಣ್ಣು ಇನ್ನಷ್ಟು ಕೆಂಪಾಯಿತು. "ನಿಮ್ಮನ್ನ ತೋರಿಸಿದ್ದರೆ, ಕಲಿಸಿದವಳನ್ನೇ ಸೋಲಿಸಿದಳು ಅಂತ ಎಲ್ಲಾ ನಿಮ್ಮ ಕಡೆ ತಿರುಗಿ ನಗ್ತಿದ್ರು. ಅದಕ್ಕೆ ಹೇಳಲಿಲ್ಲ. ಆಮೇಲೆ ನೀವು ಮುಖ ಊದಿಸಿಕೊಂಡಿದ್ರಿ, ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ."

ಟೀ ಮೇಲೆ ಕೆನೆ ಕಟ್ಟಿತು. ಅಡುಗೆಮನೆಯಿಂದ ಅತ್ತೆ, "ಇಬ್ಬರೂ ಸೇರಿ ಒಂದು ಪದಕ ತನ್ನಿ, ನನಗೂ ಒಂದೇ ಮೊಳೆ ಹೊಡೆಯೋ ಕೆಲಸ," ಎಂದರು.

"ಆಯ್ತು," ಎಂದಳು ದೊಡ್ಡವಳು.

ಒಂದು ತಿಂಗಳು ದೊಡ್ಡವಳು ಮೇಡಂ ಹೇಳಿದ ವ್ಯಾಯಾಮ ಮಾಡಿದಳು. ಗೋಡೆಗೆ ಒರಗಿ ಕಾಲು ಚಾಚಿ ಎತ್ತುತ್ತಿದ್ದಳು. ಸ್ಪರ್ಧೆಯ ದಿನ ತನ್ನ ಹಳೆಯ ಕನ್ನಡಕ ಹಾಕಿಕೊಂಡು ಕೆರೆಗಿಳಿದಳು. ನೀರು ಅವಳನ್ನು ಗುರುತು ಹಿಡಿಯಿತು. ದಡ ಹತ್ತಿ ಮೆಲ್ಲಗೆ ನಡೆದು ಬಂದು, ಕಾಲಿಗೆ ಕಟ್ಟಿದ್ದ ಸಮಯ ಅಳೆಯುವ ಪಟ್ಟಿಯನ್ನು ಬಿಚ್ಚಿ ಚಿಕ್ಕವಳ ಕಾಲಿಗೆ ತಾನೇ ಕಟ್ಟಿದಳು. ಚಿಕ್ಕವಳು ಸೈಕಲ್ ಹತ್ತಿ ಹೋದಳು. ಆ ಬೆನ್ನು ತಿರುವಿನಲ್ಲಿ ಮರೆಯಾಗುವಾಗ ದೊಡ್ಡವಳ ಹೊಟ್ಟೆಯಲ್ಲಿ ಹಳೆಯ ಕಿಡಿ ಒಮ್ಮೆ ಚುರ್ ಎಂದಿತು. ಸುಳ್ಳು ಯಾಕೆ ಹೇಳಲಿ, ಚುರ್ ಎಂದದ್ದು ನಿಜ. ಆದರೆ ಆ ಕಿಡಿಯ ಮಾತು ಕೇಳಿ ಅವಳು ಮಂಡಿಯನ್ನು ಬಲಿ ಕೊಡಲಿಲ್ಲ. ಅವರಿಗೆ ಪದಕ ಬರಲಿಲ್ಲ. ಆದರೂ ಹೋದ ವರ್ಷ ಗೆದ್ದವಳೆಂದು ಮೈಕಿನವನು ಹುಡುಕಿಕೊಂಡು ಬಂದಾಗ ಚಿಕ್ಕವಳು ಅವನ ಕೈಯಿಂದ ಮೈಕು ಕಸಿದು, "ನನಗೆ ಈಜು ಕಲಿಸಿದ್ದು ಇವರು," ಎಂದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ಈಜುವವರಿರಲಿ, ಓಡುವವರಿರಲಿ, ಬುಟ್ಟಿ ಹೊರುವವರಿರಲಿ, ಮಂಡಿ ನೋಯುತ್ತಿದ್ದರೆ ಅದರ ಮಾತು ಕೇಳಿ. ಮಾತ್ರೆ ನುಂಗಿ ಓಡಬೇಡಿ. ಮಂಡಿ ಊದಿದರೆ, ಮಡಚಲಾಗದೆ ಸಿಕ್ಕಿಕೊಂಡರೆ, ಕೈಕೊಟ್ಟರೆ, ಕಾಲೂರಲು ಆಗದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅಭ್ಯಾಸವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಸೈಕಲ್ಲಿನ ಸೀಟನ್ನು ನಿಮ್ಮ ಕಾಲಿನ ಅಳತೆಗೆ ಇಟ್ಟುಕೊಳ್ಳಿ, ಪಕ್ಕದವರ ಅಳತೆಗೆ ಬೇಡ. ದೇವರು ಒಬ್ಬೊಬ್ಬರಿಗೆ ಒಂದೊಂದು ಎತ್ತರ ಕೊಟ್ಟಿದ್ದಾನೆ. ಈ ವರ್ಷ ನಿಂತವರು ಮುಂದಿನ ವರ್ಷ ಓಡಬಹುದು.

ಕಥೆಯಲ್ಲಿ ಇಷ್ಟು ಉಳಿದಿದೆ. ಸ್ಪರ್ಧೆಯ ಮರುದಿನ ಬೆಳಿಗ್ಗೆ ಮಂಜು ಇರಲಿಲ್ಲ. ಇಬ್ಬರೂ ಕೊಳದ ಕಟ್ಟೆಯ ಮೇಲೆ ಕುಳಿತಿದ್ದರು. ದೊಡ್ಡವಳು ಅಡಗಿಸಿಟ್ಟಿದ್ದ ಕನ್ನಡಕವನ್ನು ಚೀಲದಿಂದ ತೆಗೆದು ಚಿಕ್ಕವಳ ಮಡಿಲಲ್ಲಿಟ್ಟಳು. ಸಡಿಲವಾಗಿದ್ದ ಪಟ್ಟಿಯನ್ನು ಬಿಗಿ ಮಾಡಿ ನೀಲಿ ದಾರದಲ್ಲಿ ಹೊಸದಾಗಿ ಹೊಲಿದಿದ್ದಳು. ಎಲ್ಲಿತ್ತು ಎಂದು ಚಿಕ್ಕವಳು ಕೇಳಲಿಲ್ಲ. ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ, ಕನ್ನಡಕ ಹಾಕಿಕೊಂಡು, ನೀರಿಗಿಳಿದಳು.