ಆರನೆಯ ಕಲೇಜಿ

ಸುರಪುರದ ಶಿವರಂಜನಿ ದಿನಾ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಆಡಿನ ಕಲೇಜಿ, ಎಂದರೆ ಯಕೃತ್ತು, ಹುಡುಕುತ್ತ ಹೊರಡುವವಳು. ಮನೆಮಂದಿ ಬಾಯಿ ಬಾಯಿ ಬಡಿದುಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿಡಿದ ಸಂಶೋಧನೆಯ ಕೆಲಸವೇ ಅಂಥದು. ಉಂಡದ್ದನ್ನು ಮೈಗೂಡಿಸುವ, ಒಳಹೊಕ್ಕ ವಿಷವನ್ನು ಒಡೆಯುವ ಕಿಣ್ವಗಳು ಕಲೇಜಿಯಲ್ಲಿರುತ್ತವೆ. ಯಾದಗಿರಿಯ ಹೊರಗಿನ ಒಂದು ಕಾರ್ಖಾನೆಯ ಹೊಗೆ ವರ್ಷಗಟ್ಟಲೆ ಕುಡಿದ ಆಡುಗಳಲ್ಲಿ ಅವು ಏನಾಗಿವೆ ಎಂದು ಅವಳು ಅಳೆಯಬೇಕಿತ್ತು. ಹೋಲಿಸಿ ನೋಡಲು ದೇವಾಪುರದ ಹೊಲಗಳಲ್ಲಿ ಮೇಯ್ದ ಆರು ಆಡುಗಳ ಕಲೇಜಿ ಸಿಕ್ಕಿದ್ದವು. ಹೊಗೆಯ ಕಡೆಯವು ಐದೇ. ಎಳೆಯವನ್ನೆಲ್ಲ ವರ್ಷದೊಳಗೇ ಮಾರಿಬಿಡುತ್ತಾರೆ. ಮುದಿಯವು ಸಿಗುವುದು ಅಪರೂಪ. ಈ ಬಕ್ರೀದಿಗೆ ಆರನೆಯದು ಸಿಗದಿದ್ದರೆ ಎರಡು ವರ್ಷದ ದುಡಿಮೆ ನೀರುಪಾಲು.

ಹಬ್ಬದ ಬೆಳಿಗ್ಗೆ ಬರ್ಫದ ಗಡ್ಡೆ ತುಂಬಿದ ಡಬ್ಬಿ ಹಿಡಿದು ಕಾರ್ಖಾನೆ ಗೋಡೆಯ ಪಕ್ಕದ ಖುರ್ಷೀದಬೇಗಂ ಮನೆಗೆ ಬಂದಳು. ನಾಲ್ಕು ವರ್ಷ ಸಾಕಿದ ಹೋತದ ಕಲೇಜಿಯಲ್ಲಿ ಒಂದು ತುಂಡು ಕೊಡುವುದಾಗಿ ಮುದುಕಿ ಮಾತು ಕೊಟ್ಟಿದ್ದಳು. ಶಹಾಪುರದ ಮಟನ್ ಅಂಗಡಿಯವರು ಕೊಯ್ದ ಕೂಡಲೇ ಹಸಿದನ್ನೇ ತಂದು ಕೈಗಿಡುತ್ತಿದ್ದರು. ಇಲ್ಲೂ ಹಾಗೇ ಎಂದುಕೊಂಡು, ಹಬ್ಬದ ಮನೆಯೊಳಗೆ ನುಗ್ಗುವುದು ಸರಿಯಲ್ಲವೆಂದು ಮರ್ಯಾದೆಯಿಂದ ಹೊರಗೇ ನಿಂತಳು. ಕಾಲು ಗಂಟೆಯಾಯಿತು. ಒಳಗಿನಿಂದ ಹುರಿಯುವ ವಾಸನೆ ಬಂತು.

ಒಳಗೆ ಓಡಿದಳು. ಹಂಚಿನ ಮೇಲೆ ಕಲೇಜಿ ಚಟಪಟ ಎನ್ನುತ್ತಿತ್ತು.

"ಅಕ್ಕಾರ, ನಿಮ್ಮ ಪಾಲು ತೆಗದಿಟ್ಟೀನ್ರಿ," ಎಂದಳು ಸೊಸೆ ಆಮೀನಾ, ಬಟ್ಟಲು ಮುಂದೆ ಹಿಡಿದು. "ಹಬ್ಬದ ದಿನ ಹಸೀದು ಹೆಂಗ ಕೊಡೂದಂತ ಉಪ್ಪು, ಅರಿಶಿಣ ಹಚ್ಚಿ ಬಿಸಿ ಮಾಡೀನಿ."

ಹಬ್ಬದ ಬಲಿ ಕೊಡುವ ಕುರ್ಬಾನಿ ಆಗುವ ತನಕ ಆ ಮನೆಯಲ್ಲಿ ಯಾರೂ ಏನೂ ಮುಟ್ಟುವುದಿಲ್ಲ. ಮೊದಲ ತುತ್ತು ಕಲೇಜಿಯದೇ. ಓಣಿಯ ಕೂಸಿಗೂ ಗೊತ್ತಿದ್ದ ಮಾತು, ಹನ್ನೊಂದು ಕಲೇಜಿ ಕೊಯ್ದ ಈ ಜಾಣೆಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ತನ್ನ ಮೇಲೆಯೇ ಸಿಟ್ಟು ಬಂದು ಕಣ್ಣು ತುಂಬಿದವು.

"ಬಿಸಿ ತಾಗಿದ್ರ ಅದರಾಗಿನ ಕಿಣ್ವ ಮುಗೀತ್ರಿ. ಇದು ಇನ್ನ ಕೆಲಸಕ್ಕ ಬರೂದಿಲ್ಲ."

ಆಮೀನಾಳ ಮುಖ ಸಪ್ಪಗಾಯಿತು. ಖುರ್ಷೀದಬೇಗಂ ಮಾತ್ರ ನಿಧಾನಕ್ಕೆ ತುತ್ತು ನುಂಗಿ, ಕೈ ತೊಳೆದುಕೊಂಡು, ಹಿತ್ತಲಲ್ಲಿ ಕಟ್ಟಿದ್ದ ಹಾಲಿನ ಆಡನ್ನು ತೋರಿಸಿದಳು.

"ಅಳಬ್ಯಾಡ ಬೇಟಿ. ಕುರ್ಬಾನಿ ಮೂರು ದಿನ ನಡೀತದ. ಇದಕ್ಕ ಐದು ವರ್ಷ. ಇಲ್ಲೇ ಹುಟ್ಯದ, ಇಲ್ಲೇ ಬೆಳದದ. ನಾಳಿ ಬಾ."

"ಅಮ್ಮಾ, ಕೂಸಿಗಿ ಹಾಲು?" ಎಂದಳು ಆಮೀನಾ ಗಾಬರಿಯಿಂದ, ತನ್ನ ಕೂಸಿನ ತೊಟ್ಟಿಲ ಕಡೆ ನೋಡುತ್ತ.

"ಕೂಸಿನ ಸಲುವಾಗೇ. ಈ ಹೊಗಿ ಏನು ಮಾಡ್ಯದಂತ ಗೊತ್ತಾಗಲಿ."

ಮರುದಿನ ಶಿವರಂಜನಿ ಹೊರಗೆ ನಿಲ್ಲಲಿಲ್ಲ. ಕೊಯ್ಯಲು ಬಂದ ಬಾಷುಮಿಯಾನ ಮಗ್ಗುಲಲ್ಲೇ ಕೂತಳು. ಮೂರೇ ನಿಮಿಷದಲ್ಲಿ ಆರನೆಯ ಕಲೇಜಿಯ ತುಂಡು ಬರ್ಫಕ್ಕೆ ಸೇರಿತು. ಅವಳು ಆಟೋ ಹತ್ತುವಾಗ ಮುದುಕಿ ಬಂದು ಅಡ್ಡ ನಿಂತಳು.

"ಮನಶ್ಯಾರ ಕಲೇಜಿ ಕೊಯ್ಯದಽ ನೋಡಾಕ ಬರ್ತದೇನು?"

"ಸ್ವಲ್ಪ ತಿಳೀತದರಿ. ದವಾಖಾನ್ಯಾಗ ರಕ್ತ ಕೊಡಬೇಕು."

"ಹಂಗಾದ್ರ ಆ ಕಡಿ ಸರಿ," ಎನ್ನುತ್ತ ಖುರ್ಷೀದಬೇಗಂ ಆಟೋ ಹತ್ತಿದಳು. "ಆಡು ಐದು ವರ್ಷ ಹೊಗಿ ಕುಡದದ. ನಾ ಇಪ್ಪತ್ತೆರಡು ವರ್ಷ ಕುಡದೀನಿ."