ಉಮ್ಮೆ ಕುಲ್ಸುಂಳ ಸೋಡಾ ಯಂತ್ರಗಳು

ಯುದ್ಧ ಮುಗಿದು ಗೋರಾ ಸೋಲ್ಜರುಗಳು ಊರು ಬಿಟ್ಟ ಮೇಲೆ ಬೆಂಗಳೂರು ದಂಡಿನ ಬ್ಲಾಕ್‌ಪಳ್ಳಿಯಲ್ಲಿ ಸೋಡಾ ಕೇಳುವವರೇ ಕಡಿಮೆಯಾದರು. ಉಮ್ಮೆ ಕುಲ್ಸುಂಳ ಸೋಡಾ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು. ಹಳೆಯದು ತೀರಿಹೋದ ಗಂಡ ತಂದದ್ದು. ಹೊಸದನ್ನು ಯುದ್ಧಕಾಲದ ಭರಾಟೆಯಲ್ಲಿ ಅವಳೇ ಹಲಸೂರಿನ ಸಂಜೀವಪ್ಪನಿಂದ ಮುಂಗಡ ಪಡೆದು ಕೊಂಡಿದ್ದಳು. ಆ ಮುಂಗಡ ತೀರುವವರೆಗೂ ದಿನದ ವ್ಯಾಪಾರದಲ್ಲಿ ರೂಪಾಯಿಗೆ ನಾಲ್ಕಾಣೆ ಅವನ ಪಾಲು ಎಂದು ಪತ್ರವಾಗಿತ್ತು. ವ್ಯಾಪಾರ ಬಿದ್ದಾಗ ಅವನ ಪಾಲೂ ಬಿತ್ತು.

ಅಂದಿನಿಂದ ಸಂಜೀವಪ್ಪ ದಿನಾ ಸಂಜೆ ಬಂದು ಗಲ್ಲಾದ ಮುಂದೆ ಕೂರತೊಡಗಿದ. ಗಿರಾಕಿಗಳೆದುರೇ ಬಾಕಿಯ ಮಾತೆತ್ತುತ್ತಿದ್ದ. ಇನ್ನು ಪಾಲು ಗೀಲು ಬೇಡ, ವ್ಯಾಪಾರ ಆಗಲಿ ಬಿಡಲಿ ದಿನಕ್ಕೆ ಮೂರು ರೂಪಾಯಿ ಕೊಡಬೇಕು, ಇಲ್ಲವಾದರೆ ಎರಡೂ ಯಂತ್ರ ಹೊರಿಸಿಕೊಂಡು ಹೋಗುತ್ತೇನೆ ಎಂದು ಒಂದು ದಿನ ಪಟ್ಟು ಹಿಡಿದ. ಹೊಸ ಯಂತ್ರ ಒಯ್ದು ಲೆಕ್ಕ ಚುಕ್ತಾ ಮಾಡಿಕೊಳ್ಳಿ ಎಂದಳು ಅವಳು. ಅಲ್ಲಿಯವರೆಗೆ ಅವನ ಬಾಯಲ್ಲಿದ್ದ ‘ನೀವು’ ಆಗ ‘ನೀನು’ ಆಯಿತು.

“ಗಂಡ ಇಲ್ದೋಳು ಅಂತ ಇಷ್ಟು ದಿನ ಸುಮ್ನಿದ್ದೆ. ನಂಗೇ ಲೆಕ್ಕ ಹೇಳ್ಕೊಡ್ತೀಯಾ ನೀನು?”

“ವ್ಯಾಪಾರ ಆದ್ರೆ ತಾನೇ ನಿಮ್ ಪಾಲು, ಸಾವ್ಕಾರ್ರೇ. ನಾಳೆಯಿಂದ ಅಂಗಡೀನೇ ತೆಗಿಯಲ್ಲ.”

ಹೇಳಿದಂತೆ ಬೀಗ ಜಡಿದು, ಫ್ರೇಜರ್ ಟೌನಿನ ಬೇಕರಿಯೊಂದರಲ್ಲಿ ತಟ್ಟೆ ತೊಳೆಯಲು ಸೇರಿದಳು. ಪರಿಚಯದವರು ಬಂದಾಗಲೆಲ್ಲ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಇತ್ತ ಸಂಜೀವಪ್ಪ ಬೀಗ ಒಡೆಸಲು ಆಳುಗಳನ್ನು ಕರೆತಂದ. ಪಕ್ಕದ ತಗಡಿನ ಅಂಗಡಿಯ ಅಹ್ಮದ್ ಪಾಷಾ ಬಾಗಿಲಿಗೆ ಅಡ್ಡ ನಿಂತು, ಕೋರ್ಟಿನ ಆರ್ಡರು ತೋರಿಸಿ ಎಂದ. ಆರ್ಡರು ಇರಲಿಲ್ಲ. ಹೀಗೆ ವಾರಗಳು ಉರುಳಿದವು. ಸಂಜೀವಪ್ಪನಿಗೆ ಒಂದು ಕಾಸೂ ಹುಟ್ಟಲಿಲ್ಲ.

ಕೊನೆಗೆ ಅವನೇ ಬೇಕರಿಯ ಹಿಂಬಾಗಿಲಿಗೆ ಬಂದ. ಒಂದು ಯಂತ್ರಕ್ಕೆ ಒಪ್ಪಿದ್ದ. “ಆದ್ರೆ ಯಾವ್ದು ಅಂತ ಆರಿಸೋನು ನಾನು,” ಎಂದ.

ಅವನು ಆರಿಸಿದ್ದು ಹಳೆಯದನ್ನು. ಅದು ಇಂಗ್ಲೆಂಡಿನಿಂದ ಬಂದ ಗಟ್ಟಿ ಸೀಮೆ ಮಾಲು. ಹೊಸದರಲ್ಲಿ ಗ್ಯಾಸು ಸೋರುತ್ತಿತ್ತು. ಗಂಡ ಪ್ರತಿ ಶುಕ್ರವಾರ ಅದನ್ನು ಒರೆಸಿ ಎಣ್ಣೆ ಹಾಕುತ್ತಿದ್ದುದು ಸಂಜೀವಪ್ಪನಿಗೂ ಗೊತ್ತಿತ್ತು. ಅವನೆದುರು ಅಳಬಾರದೆಂದು ಹಲ್ಲು ಕಚ್ಚಿದಳು.

“ಮೊದ್ಲು ಪಾಷಾ ಭಾಯ್ ಎದುರು ಪತ್ರದ ಮೇಲೆ ಚುಕ್ತಾ ಅಂತ ಬರೀರಿ. ಆಮೇಲೆ ಎತ್ತಿ.”

ಸಂಜೀವಪ್ಪ ಅವಳ ಅಂಗಡಿಗೆ ಬಂದು ಪಾಷಾನ ಎದುರು ಹಾಗೇ ಬರೆದು, ಪತ್ರವನ್ನು ಅವಳ ಕಾಲ ಬಳಿ ಎಸೆದ. ಅವಳು ಬಗ್ಗಿ ಎತ್ತಿಕೊಂಡು, ಸಹಿ ಸರಿಯಿದೆಯೇ ಎಂದು ಪಾಷಾನಿಗೆ ತೋರಿಸಿದಳು. ಯಂತ್ರ ಹೊತ್ತ ಎತ್ತಿನ ಗಾಡಿ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಮರುದಿನ ಉಳಿದ ಯಂತ್ರಕ್ಕೆ ಹೊಸ ವಾಷರು ಹಾಕಿಸಿ ಅಂಗಡಿ ತೆರೆದಳು. ಸಂಜೆ ಆ ದಾರಿಯಲ್ಲಿ ಹೋದ ಸಂಜೀವಪ್ಪ ಮುಖ ತಿರುಗಿಸಿದ. ಅವಳೂ ಕರೆಯಲಿಲ್ಲ.